ಬಸವನಹುಳುವಿನ ಬೆಳಕು ಯಾರದು? ನಾನು ಪರೀಕ್ಷಿಸಿದ ಬಗೆ

ಮಂಡ್ಯದ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನ್ನ ಬಳಿಗೆ, ನಾಲೆಯ ಏರಿಯ ಮೇಲೆ ಮಿನುಗುವ ಬಸವನಹುಳುವನ್ನು ಕಂಡೆವೆಂದು ವಿದ್ಯಾರ್ಥಿಗಳು ಮಳೆಗಾಲದಲ್ಲಿ ಬಂದರು. ನೆಲದ ಬಸವನಹುಳುಗಳಲ್ಲಿ ಸ್ವಂತ ಬೆಳಕುಳ್ಳವು ಬಲು ವಿರಳ. ಜಪಾನಿನ ವಿಜ್ಞಾನಿ ಯಾಟಾ ಹನೇಡಾ 1940ರ ದಶಕದ ಆರಂಭದಲ್ಲಿ ಸಿಂಗಪುರದಲ್ಲಿ ಗುರುತಿಸಿದ ಕ್ವಾಂಟುಲಾ ಸ್ಟ್ರಯಾಟಾ ಬಹುಕಾಲ ಇಂಥ ಒಂದೇ ಉದಾಹರಣೆಯಾಗಿತ್ತು. 2023ರಲ್ಲಿ ಥಾಯ್ಲೆಂಡಿನ ಫುಫಾನಿಯಾ ಕುಲದ ಹುಳುಗಳೂ ಆ ಪಟ್ಟಿಗೆ ಸೇರಿದವು. ಆದ್ದರಿಂದ ನಮ್ಮ ಹುಳುವಿನಲ್ಲಿ ಬೆಳಕು ದೇಹದ ಯಾವ ಭಾಗದಿಂದ ಹೊರಡುತ್ತದೆ ಎಂಬುದನ್ನೇ ಮೊದಲು ನೋಡಬೇಕೆಂದು ನಿಶ್ಚಯಿಸಿದೆ.

ಕ್ವಾಂಟುಲಾದಲ್ಲಿ ಬಾಯಿಯ ಕೆಳಗೆ, ಪಾದದ ಮುಂಭಾಗದೊಳಗೆ ಒಂದು ಅಂಗವಿದ್ದು, ಅಲ್ಲಿನ ಜೀವಕೋಶಗಳ ಹಳದಿ ಮಿಶ್ರಿತ ಹಸಿರು ಬೆಳಕು, ಹುಳು ತಲೆ ಹೊರಚಾಚಿ ತೆವಳುವಾಗ, ಚರ್ಮದ ಮೂಲಕ ಬಿಟ್ಟು ಬಿಟ್ಟು ಮಿಂಚುತ್ತದೆ. ಫುಫಾನಿಯಾದಲ್ಲಾದರೋ ಪಾದದಿಂದಲೂ ಚಿಪ್ಪಿನ ಅಂಚಿನ ಮೃದುಭಾಗದಿಂದಲೂ ಎಡೆಬಿಡದೆ ಹೊಮ್ಮುತ್ತದೆ.

ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ, ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆ ಸುಮ್ಮನೆ ಕುಳಿತು (ವಿದ್ಯಾರ್ಥಿಗಳ ಮೊಬೈಲುಗಳನ್ನು ಆರಿಸಿಸುವುದೇ ಇಲ್ಲಿ ದೊಡ್ಡ ಕೆಲಸ), ಆಮೇಲೆ ಹುಳುವನ್ನು ಹತ್ತಿರದಿಂದ ನೋಡಿದೆ. ಪಾದ ನಿಸ್ತೇಜವಾಗಿ ಒಳಸೇರಿತ್ತು. ಬೆಳಕು ತೆಳುವಾದ ಚಿಪ್ಪಿನ ಒಳಗಿನಿಂದ ಬರುತ್ತಿತ್ತು. ಚಿಮುಟದಿಂದ ಮೆಲ್ಲಗೆ ಎಳೆದಾಗ ಹೊರಬಂದದ್ದು ಮಿಂಚುಹುಳುವಿನ ಮರಿ. ಚಪ್ಪಟೆಯಾದ ಕಪ್ಪು ಮೈ, ಕುಡುಗೋಲಿನಂತೆ ಬಾಗಿದ ದವಡೆ, ಹೊಟ್ಟೆಯ ಎಂಟನೆಯ ಖಂಡದ ಅಡಿಯಲ್ಲಿ ಎರಡು ಹಸಿರು ಚುಕ್ಕೆ. ಅದು ಬಸವನಹುಳುವಿಗೆ ಕಚ್ಚಿ ವಿಷವೂಡಿ, ಜೀರ್ಣರಸದಿಂದ ಮಾಂಸವನ್ನು ಕರಗಿಸಿ ಹೀರುತ್ತದೆ. ಲೂಸಿಫೆರಿನ್ ಎಂಬ ವಸ್ತು, ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನ ನೆರವಿನಿಂದ, ಲೂಸಿಫೆರೇಸ್ ಕಿಣ್ವದ ಸಮ್ಮುಖದಲ್ಲಿ ಆಮ್ಲಜನಕದೊಡನೆ ವರ್ತಿಸುವುದರಿಂದ ಅದರ ಬೆಳಕು ಹುಟ್ಟುತ್ತದೆ.

ಇಂಥದನ್ನು ಪರೀಕ್ಷಿಸಲು ನೇರಳಾತೀತ ಟಾರ್ಚನ್ನು ಬಳಸುವವರಿದ್ದಾರೆ. ನನ್ನ ಮಟ್ಟಿಗೆ ಅದು ಸಲ್ಲದು, ಏಕೆಂದರೆ ಆ ಕಿರಣ ಬಿದ್ದಾಗ ಹೊಳೆದು ಟಾರ್ಚ್ ಆರಿದೊಡನೆ ಮಾಯವಾಗುವುದು ಪ್ರತಿದೀಪ್ತಿಯೇ ಹೊರತು ಜೀವಿಯ ಸ್ವಂತ ಬೆಳಕಲ್ಲ. ಅದಕ್ಕಿಂತ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು, ಪೂರ್ಣ ಕತ್ತಲಲ್ಲಿ 30 ಸೆಕೆಂಡುಗಳ ಒಂದು ಚಿತ್ರವನ್ನೂ ಅದೇ ಚೌಕಟ್ಟಿನಲ್ಲಿ ಮಂದ ಬೆಳಕಿನ ಇನ್ನೊಂದು ಚಿತ್ರವನ್ನೂ ತೆಗೆದು ಹೋಲಿಸಿದರೆ, ಬೆಳಕಿನ ಚುಕ್ಕೆ ಯಾರ ಮೈಮೇಲಿದೆ ಎಂಬುದು ಸ್ಪಷ್ಟವಾಗುತ್ತದೆ.