ಡಾರಾ ಕೊಡುವ ಮೊದಲ ದಿನ: ನನ್ನ ಅನುಭವ

ಕ್ಯಾನ್ಸರ್ ಡೇಕೇರ್ ವಾರ್ಡಿನ ನರ್ಸ್ ನಾನು. ಮಲ್ಟಿಪಲ್ ಮೈಲೋಮಾ ಅನ್ನುವ ರಕ್ತದ ಕ್ಯಾನ್ಸರ್ ಇರುವವರಿಗೆ ನಾನು ಜಾಸ್ತಿ ಕೊಟ್ಟಿರುವ ಆಂಟಿಬಾಡಿ ಔಷಧಿ ಅಂದ್ರೆ ಡಾರಾಟುಮುಮ್ಯಾಬ್. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅದು 'ಡಾರಾ'. ಮೈಲೋಮಾ ಕಣಗಳ ಮೈಮೇಲೆ ಸಿಡಿ38 ಅನ್ನುವ ಪ್ರೋಟೀನ್ ತುಂಬಾ ಇರುತ್ತದೆ. ಡಾರಾ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ನಮ್ಮ ದೇಹದ ರಕ್ಷಣಾ ಕಣಗಳೇ ಅವುಗಳನ್ನು ಕೊಲ್ಲುತ್ತವೆ.

ಹೊಸ ರೋಗಿ ಬಂದರೆ ನಾನು ಮೊದಲು ನೋಡುವುದು ಡ್ರಿಪ್ ಅಲ್ಲ, ಬ್ಲಡ್ ಬ್ಯಾಂಕ್ ಚೀಟಿ. ಸಿಡಿ38 ಸ್ವಲ್ಪ ಮಟ್ಟಿಗೆ ಕೆಂಪು ರಕ್ತಕಣಗಳ ಮೇಲೂ ಇದೆ. ಒಂದು ಸಲ ಡಾರಾ ಮೈಗೆ ಸೇರಿತು ಅಂದರೆ ಕ್ರಾಸ್‌ಮ್ಯಾಚ್ (ಕೊಡುವ ರಕ್ತ ರೋಗಿಗೆ ಹೊಂದುತ್ತದಾ ಅಂತ ನೋಡುವ ಪರೀಕ್ಷೆ) ಮಾಡುವಾಗ ಯಾವ ರಕ್ತವೂ ಹೊಂದುವುದಿಲ್ಲ ಅನ್ನುವ ಹಾಗೆ ಕಾಣುತ್ತದೆ. ಕೊನೆಯ ಡೋಸ್ ಆಗಿ ಆರು ತಿಂಗಳವರೆಗೂ ಇದು ಇರಬಹುದು. ರಕ್ತದ ಗುಂಪು ಮಾತ್ರ ಸರಿಯಾಗೇ ಬರುತ್ತದೆ. ಡಿಟಿಟಿ ಅನ್ನುವ ರಾಸಾಯನಿಕ ಹಾಕಿ ಪರೀಕ್ಷೆ ಮಾಡಿದರೆ ಈ ಗೊಂದಲ ತೀರುತ್ತದೆ, ಆದರೆ ಅದಕ್ಕೆ ಹೊತ್ತು ಬೇಕು. ರಕ್ತ ತುರ್ತಾಗಿ ಬೇಕಾದಾಗ ಆ ಹೊತ್ತು ಎಲ್ಲಿರುತ್ತದೆ? ಅದಕ್ಕೇ ಮೊದಲ ಡೋಸಿಗೂ ಮುಂಚೆ ಸ್ಯಾಂಪಲ್ ಕಳಿಸುತ್ತೇನೆ. ಡಾರಾ ನಡೆಯುತ್ತಿದೆ ಅಂತ ಬರೆದ ಕಾರ್ಡ್ ಕೊಟ್ಟು, ಪರ್ಸಿನಲ್ಲೇ ಇಟ್ಕೊಳ್ಳಿ ಅಂತೇನೆ. ಹೆಪಟೈಟಿಸ್ ಬಿ ರಿಪೋರ್ಟ್ ಬಂದಿದೆಯಾ ಅಂತಲೂ ಆಗಲೇ ನೋಡಿಕೊಳ್ಳುತ್ತೇನೆ.

ರಕ್ತನಾಳದಲ್ಲಿ ಕೊಡುವುದಾದರೆ ಮೊದಲ ಡೋಸಿಗೆ ಸುಮಾರು ಏಳು ಗಂಟೆ ಹಿಡಿಯುತ್ತದೆ. ಸ್ಟಿರಾಯ್ಡ್, ಪ್ಯಾರಾಸಿಟಮಾಲ್, ಅಲರ್ಜಿ ಔಷಧಿ ಮೊದಲೇ ಕೊಟ್ಟಿರುತ್ತೇವೆ. ಆದರೂ ರಿಯಾಕ್ಷನ್ ಬರುವುದು ಹೆಚ್ಚಾಗಿ ಈ ಮೊದಲ ಸಲವೇ. ನಾನು ಮಾನಿಟರ್‌ಗಿಂತ ಮುಂಚೆ ಗಂಟಲಿನ ಸದ್ದು ಕೇಳುತ್ತೇನೆ. ಸುಮ್ನೆ ಒಂದೆರಡು ಸಲ ಗಂಟಲು ಸರಿಮಾಡಿಕೊಳ್ಳುವುದು, ಮೂಗು ಕಟ್ಟಿದೆ ಅನ್ನುವುದು, ಸಣ್ಣ ಕೆಮ್ಮು. 'ಏನಿಲ್ಲ ಸಿಸ್ಟರ್' ಅಂತಾರೆ. ನಾನು ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆಯುತ್ತೇನೆ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಎಲ್ಲ ಇಳಿಯುತ್ತದೆ, ಮತ್ತೆ ನಿಧಾನವಾಗಿ ಶುರು ಮಾಡುತ್ತೇವೆ. ಎರಡನೇ ಸಲ ಬಂದಾಗ ಅವರ ಮುಖದಲ್ಲಿ ಅರ್ಧ ಭಯ ಇರುವುದಿಲ್ಲ.

2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಚರ್ಮದಡಿಯ ಇಂಜೆಕ್ಷನ್ ಬಂದ ಮೇಲೆ ಕೆಲಸ ಎಷ್ಟೋ ಹಗುರ. 1,800 ಮಿಲಿಗ್ರಾಂ ಔಷಧಿ, 15 ಮಿಲಿಲೀಟರ್. ಹೊಟ್ಟೆಯ ಚರ್ಮದಡಿ ಮೂರರಿಂದ ಐದು ನಿಮಿಷ ನಿಧಾನವಾಗಿ ತಳ್ಳಬೇಕು. ಕೈ ನೋಯುತ್ತದೆ, ಆದರೂ ಅವಸರ ಮಾಡಬಾರದು. ರೋಗಿಯ ಇಡೀ ದಿನ ಉಳಿಯಿತಲ್ವಾ! ರಿಯಾಕ್ಷನ್ನೂ ಕಡಿಮೆ.

ಮನೆಗೆ ಕಳಿಸುವಾಗ ಒಂದು ಮಾತು ಒತ್ತಿ ಹೇಳುತ್ತೇನೆ: ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಫೋನ್ ಮಾಡಿ. ಸರ್ಪಸುತ್ತು ಬರದಂತೆ ಕೊಟ್ಟ ಮಾತ್ರೆಯನ್ನೂ ಬಿಡಬೇಡಿ.

ಇನ್ನೊಂದು ವಿಷಯ. ಡಾರಾ ಕೂಡ ಐಜಿಜಿ ಕಪ್ಪಾ ಅನ್ನುವ ಬಗೆಯ ಒಂದು ಆಂಟಿಬಾಡಿಯೇ. ಹಾಗಾಗಿ ಎಂ ಪ್ರೋಟೀನ್ (ಮೈಲೋಮಾ ಕಣಗಳು ತಯಾರಿಸುವ ಆಂಟಿಬಾಡಿ) ಪರೀಕ್ಷೆಯಲ್ಲಿ ಅದೇ ಒಂದು ಸಣ್ಣ ಗೆರೆಯಾಗಿ ಕಾಣಬಹುದು. ಕಾಯಿಲೆ ಇನ್ನೂ ಉಳಿದಿದೆ ಅಂತ ಮನೆಯವರು ಕಂಗಾಲಾಗುತ್ತಾರೆ. ಲ್ಯಾಬಿಗೆ ಹೋಗುವ ಪ್ರತಿ ಚೀಟಿಯ ಮೇಲೂ ಔಷಧಿಯ ಹೆಸರು, ಕೊನೆಯ ಡೋಸಿನ ತಾರೀಕು ನಾನೇ ಬರೆದು ಕಳಿಸುತ್ತೇನೆ.