ಮೀನಿನ ಕಡೆಯಿಂದ ಹೊಳೆ ನೋಡಿದ್ದು: ಹರಿಹರದ ನನ್ನ ಅನುಭವ

ಹೊಳೆ ನೀರು ಮೀನಿಗೆ ಎಷ್ಟು ಅಪಾಯಕಾರಿ ಅಂತ ತಿಳಿಯಬೇಕಾದರೆ ಸಾಮಾನ್ಯವಾಗಿ ಏನು ಮಾಡುತ್ತಾರೆ? ಬಾಟಲಿಯಲ್ಲಿ ನೀರು ತುಂಬಿ ಲ್ಯಾಬ್‌ಗೆ ಕೊಡುತ್ತಾರೆ. ವರದಿ ಬಂದ ಮೇಲೆ ಮಿತಿಯ ಪಟ್ಟಿ ಪಕ್ಕದಲ್ಲಿಟ್ಟು ನೋಡುತ್ತಾರೆ. ಮೀನುಗಾರಿಕೆಗೆ ಯೋಗ್ಯವಾದ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 'ಡಿ' ದರ್ಜೆ ಅಂತ ಇಟ್ಟಿದೆ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಜಾಸ್ತಿ, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಒಳಗೆ. ಈ ಪಟ್ಟಿ ಬೇಕು, ನಾನೂ ಬಳಸುತ್ತೇನೆ. ಆದರೆ ಅದು ನೀರಿನ ಬಗ್ಗೆ ಹೇಳುತ್ತದೆ, ಮೀನಿನ ಬಗ್ಗೆ ಅಲ್ಲ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು. ಹರಿಹರದ ಹತ್ತಿರ ತುಂಗಭದ್ರೆಯಲ್ಲಿ ಬಲೆ ಬೀಸುವವರು "ನಮ್ಮ ಹೊಳಿ ಮೀನಿಗೆ ಏನಾಗ್ತೈತಿ, ಒಂದೀಟು ನೋಡಿ ಹೇಳ್ರಿ" ಅಂದಾಗ, ನಾನು ದಾರಿ ಕಲಿತದ್ದು ಸಾಲ್ಮನ್ ಮೀನಿನ ಮೇಲೆ ಕೆಲಸ ಮಾಡುವವರಿಂದ. ಸಾಲ್ಮನ್ ನಮ್ಮ ಕಡೆಯ ಮೀನಲ್ಲ. ಅಮೆರಿಕ, ಕೆನಡಾ, ಸ್ಕಾಟ್ಲೆಂಡ್, ನಾರ್ವೆಯ ತಣ್ಣನೆಯ ಹೊಳೆಗಳಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ವಾಪಸ್ ಬರುತ್ತದೆ. ಅದಕ್ಕಿರುವ ಅಪಾಯ ಲೆಕ್ಕ ಹಾಕುವವರು ಅದರ ಬದುಕಿನ ಒಂದೊಂದು ಹಂತವನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಮೊಟ್ಟೆ ತಿಂಗಳುಗಟ್ಟಲೆ ಜಲ್ಲಿಕಲ್ಲಿನ ಸಂದಿಯಲ್ಲಿರುತ್ತದೆ. ಸಂದಿಯಲ್ಲಿ ಹೂಳು ತುಂಬಿದರೆ ಅದಕ್ಕೆ ಉಸಿರು ಕಟ್ಟುತ್ತದೆ. ಮರಿಗೆ ತಾಮ್ರದ ಕಾಟ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ತಾಮ್ರ ಸೇರಿದರೂ ಮೂಗು ಮಂಕಾಗುತ್ತದೆ, ತಿನ್ನಲು ಬರುವ ಪ್ರಾಣಿಯ ವಾಸನೆ ಹತ್ತುವುದಿಲ್ಲ. ನೀರು ಅದನ್ನು ಕೊಲ್ಲಲಿಲ್ಲ ನಿಜ, ಆದರೂ ಅದು ಇನ್ನೊಂದರ ಬಾಯಿಗೆ ಬಿತ್ತು.

ನನ್ನ ಯೋಚನೆಯನ್ನೇ ತಿರುಗಿಸಿದ್ದು ಕೋಹೋ ಅನ್ನುವ ಜಾತಿಯ ಸಾಲ್ಮನ್ ವಿಷಯ. ಅಮೆರಿಕದ ಸಿಯಾಟಲ್ ಸುತ್ತಲಿನ ಹಳ್ಳಗಳಲ್ಲಿ, ಮಳೆ ಬಿದ್ದ ಕೂಡಲೇ, ಮೊಟ್ಟೆಯಿಡಲು ಬಂದ ಕೋಹೋಗಳು ಮೊಟ್ಟೆ ಹೊಟ್ಟೆಯಲ್ಲಿರುವಾಗಲೇ ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದವು. ಲೋಹ, ಕೀಟನಾಶಕ, ಆಮ್ಲಜನಕ, ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗಲಿಲ್ಲ. ಕೊನೆಗೆ 2020ರಲ್ಲಿ ಗೊತ್ತಾಯಿತು: ಟೈರಿನ ರಬ್ಬರ್ ಬಿರುಕು ಬಿಡದಿರಲಿ ಅಂತ ಹಾಕುವ ರಾಸಾಯನಿಕ ಗಾಳಿಯ ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಅನ್ನುವ ವಿಷ ಆಗುತ್ತದೆ, ರಸ್ತೆಯ ಟೈರು ಧೂಳಿನ ಜೊತೆ ಮಳೆನೀರಲ್ಲಿ ಹಳ್ಳ ಸೇರುತ್ತದೆ. ಅದೇ ನೀರಲ್ಲಿ ಚಮ್ ಅನ್ನುವ ಇನ್ನೊಂದು ಜಾತಿಯ ಸಾಲ್ಮನ್‌ಗೆ ಏನೂ ಆಗಲಿಲ್ಲ. ನಮ್ಮಲ್ಲೂ ಹೆದ್ದಾರಿ 48 ಇದೆ, ಲಾರಿಗಳಿವೆ. ಹಾಗಂತ ನಮ್ಮ ಮೀನೂ ಟೈರಿಂದಲೇ ಸಾಯುತ್ತವೆ ಅಂತ ಹೇಳಲು ಬರುವುದಿಲ್ಲ. ನಾನು ತೆಗೆದುಕೊಂಡದ್ದು ಪ್ರಶ್ನೆ ಕೇಳುವ ರೀತಿಯನ್ನು. ಯಾವ ಮೀನು, ಅದರ ಯಾವ ವಯಸ್ಸು, ಯಾವ ತಿಂಗಳು, ಯಾವ ಹೊತ್ತು?

ಹೀಗೆ ಒಂದು ದೊಡ್ಡ ಹಾಳೆ ಮಾಡಿದೆ. ಎಡಕ್ಕೆ ಮೊಟ್ಟೆ, ಮರಿ, ಬೆಳೆಯುವ ಮೀನು, ಮೊಟ್ಟೆಯಿಡುವ ಮೀನು. ಮೇಲೆ ಹನ್ನೆರಡು ತಿಂಗಳು. ಪ್ರತಿ ಮನೆಯಲ್ಲೂ ಎರಡು ಅಂಕ: ಕೊಳೆ ಅಲ್ಲಿಗೆ ತಲುಪುವ ಸಾಧ್ಯತೆ 1ರಿಂದ 5, ತಲುಪಿದರೆ ಬೀಳುವ ಪೆಟ್ಟು 1ರಿಂದ 5. ಎರಡನ್ನೂ ಗುಣಿಸುವುದು. ಕೊಳೆಯ ಮೂಲ ಇದ್ದು ಅದು ಮೀನಿಗೆ ತಲುಪುವ ದಾರಿ ಇಲ್ಲದಿದ್ದರೆ ಅಂಕ ಕಡಿಮೆ. ಉದಾಹರಣೆಗೆ, ಬೇಸಿಗೆಯಲ್ಲಿ ಒಣಗಿ ನಿಂತ ಚರಂಡಿ ಎಷ್ಟೇ ನಾರಲಿ, ಹೊಳೆ ಮುಟ್ಟದಿದ್ದರೆ ಆ ತಿಂಗಳು ಅದರ ಸಾಧ್ಯತೆಯ ಅಂಕ 1.

ತಿಂಗಳುಗಳನ್ನು ತುಂಬಿಸಿಕೊಟ್ಟವರು ಮೀನುಗಾರರೇ. ಪುಸ್ತಕದಲ್ಲಿ ಇಷ್ಟು ಸಿಗುವುದಿಲ್ಲ. ಗೆಂಡೆ ಯಾವ ಮಳೆಗೆ ಏರುತ್ತದೆ, ಬಾಳೆ ಮೀನು ಯಾವ ಮಡುವಿನಲ್ಲಿ ಬೇಸಿಗೆ ಕಳೆಯುತ್ತದೆ, ಮರಿ ಮೊದಲು ಕಾಣುವುದು ಯಾವ ದಡದಲ್ಲಿ, ಎಲ್ಲ ಬಾಯಲ್ಲೇ ಇತ್ತು. ಅವರಲ್ಲೊಬ್ಬ ಹಿರಿಯರು ಆಮ್ಲಜನಕ ಅಳೆಯುವ ನನ್ನ ಮೀಟರ್ ನೋಡಿ, "ಮೇಷ್ಟ್ರೇ, ಬಿಸಿಲೇರಿದ ಮ್ಯಾಲೆ ನೀರು ಚಲೋನ ಇರ್ತೈತಿ. ನಸುಕಿನಾಗ ಬರ್ರಿ" ಅಂದರು. ಸರಿಯಾದ ಮಾತು. ಹಸಿರು ಪಾಚಿ ಕಟ್ಟಿದ ನೀರು ಹಗಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ಎಳೆದುಕೊಳ್ಳುತ್ತದೆ. ಸೂರ್ಯ ಹುಟ್ಟುವ ಮುಂಚೆ ಹರಿಗೋಲಲ್ಲಿ ಕೂತು ಮಡುವಿನಲ್ಲಿ ಮೀಟರ್ ಇಳಿಬಿಟ್ಟೆ. ಅಂಕಿ ಇಳಿಯುತ್ತಾ ಹೋಗಿ 4ರ ಕೆಳಗೆ ನಿಂತಿತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಅದೇ ಜಾಗದಲ್ಲಿ ಮಧ್ಯಾಹ್ನ 9 ದಾಟಿತ್ತು. ಮಧ್ಯಾಹ್ನದ ಬಾಟಲಿ ಮಾತ್ರ ಲ್ಯಾಬ್‌ಗೆ ಹೋಗಿದ್ದರೆ ವರದಿ ಬಹಳ ಚೆನ್ನಾಗಿರುತ್ತಿತ್ತು, ಅಲ್ವಾ?

ಬೇಸಿಗೆಯ ಮಡುವಿಗೆ ಇನ್ನೊಂದು ಕಷ್ಟ. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ ಹಿಡಿಯುತ್ತದೆ. 10 ಡಿಗ್ರಿಯಲ್ಲಿ ಲೀಟರಿಗೆ 11 ಮಿಲಿಗ್ರಾಂಗಿಂತ ಜಾಸ್ತಿ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಾತ್ರ. ಸಾಲ್ಮನ್ ಹೊಳೆಗಿರುವಷ್ಟು ಆಮ್ಲಜನಕ ನಮ್ಮ ಹೊಳೆಗೆ ಶುರುವಿನಲ್ಲೇ ಇಲ್ಲ. ಅದಕ್ಕೇ ಏಪ್ರಿಲ್-ಮೇ ತಿಂಗಳ ಸ್ವಲ್ಪ ಚರಂಡಿ ನೀರನ್ನೂ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

"ಮೀನು ಇದ್ದೇ ಇದೆಯಲ್ಲ, ನೀರಿಗೇನಾಗಿದೆ?" ಅಂತ ಕೇಳುವವರಿಗೆ ನಾನು ಯಾವ ಮೀನು ಅಂತ ಕೇಳುತ್ತೇನೆ. ಕೊರವ, ಚೇಳು ಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತವೆ. ಜಿಲೇಬಿ ಮೀನು (ತಿಲಾಪಿಯಾ) ಬಹಳ ಕೆಟ್ಟ ನೀರಲ್ಲೂ ಬದುಕುತ್ತದೆ. ಬಲೆಯಲ್ಲಿ ಇವೇ ಜಾಸ್ತಿಯಾಗಿ ಗೆಂಡೆ ಕಡಿಮೆಯಾದರೆ ಅದು ಸಮಾಧಾನದ ಸುದ್ದಿಯಲ್ಲ. ಹೊಳೆಯ ಕಲ್ಲು ಎತ್ತಿ ಅಡಿ ನೋಡಿದರೂ ತಿಳಿಯುತ್ತದೆ. ಬಾಲದ ಕಡೆ ಮೂರು ಎಳೆಯಿರುವ ಚಪ್ಪಟೆ ಹುಳುಗಳಿದ್ದರೆ ನೀರು ಆರೋಗ್ಯವಾಗಿದೆ. ಕೆಸರಲ್ಲಿ ಬರೀ ಕೆಂಪು ಹುಳುಗಳಿದ್ದರೆ ಆಮ್ಲಜನಕ ಕಡಿಮೆ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಮಕ್ಕಳೂ ಮಾಡಬಹುದು.

ಹಾಳೆಯಲ್ಲಿ ಅತಿ ಹೆಚ್ಚು ಅಂಕ ಬಂದದ್ದು ಜೂನ್-ಜುಲೈಗೆ. ಮುಂಗಾರಿನ ಹೊಸ ನೀರಿಗೆ ಗೆಂಡೆಗಳು ಏರುತ್ತವೆ, ದಡದ ಹುಲ್ಲು ಮುಳುಗಿದ ಕಡೆ ಮೊಟ್ಟೆಯಿಡುತ್ತವೆ. ಬೇಸಿಗೆಯಿಡೀ ಚರಂಡಿಯಲ್ಲಿ, ರಸ್ತೆ ಬದಿಯಲ್ಲಿ ಕೂತ ಕೊಳೆಯೆಲ್ಲ ಹೊಳೆಗೆ ಇಳಿಯುವುದೂ ಅದೇ ಹೊಸ ನೀರಲ್ಲಿ. ಕೋಹೋಗೆ ಆದದ್ದೂ ಇದೇ ಅಲ್ಲವೇ? ಮೀನು ಬರುವ ಹೊತ್ತು, ಕೊಳೆ ಬರುವ ಹೊತ್ತು ಒಂದೇ. ವರ್ಷದ ಸರಾಸರಿ ತೆಗೆದರೆ ಈ ಕೆಲವು ಗಂಟೆಗಳು ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಅಂಕದಲ್ಲಿ ಎರಡನೆಯದು ಹರಿದ್ರಾ ಹಳ್ಳ. ಸೂಳೆಕೆರೆಯಿಂದ ಬಂದು ಹರಿಹರದ ಹತ್ತಿರ ಹೊಳೆ ಸೇರುವ ಈ ಹಳ್ಳಕ್ಕೆ ಮಲೇಬೆನ್ನೂರು ಕಡೆಯ ಭತ್ತದ ಗದ್ದೆಗಳ ಬಸಿನೀರು ಬೀಳುತ್ತದೆ. ನಾಟಿಯಾದ ಮೇಲೆ ಯೂರಿಯಾ ಚೆಲ್ಲಿದರೆ ಗದ್ದೆ ನೀರಲ್ಲಿ ಅಮೋನಿಯಾ ಏರುತ್ತದೆ. ಅದರಲ್ಲಿ ವಿಷವಾಗುವ ಪಾಲು, ಅಂದರೆ ಪಟ್ಟಿಯ ಮುಕ್ತ ಅಮೋನಿಯಾ, ಎಷ್ಟು ಅನ್ನುವುದನ್ನು ಮುಖ್ಯವಾಗಿ ಪಿಎಚ್ ತೀರ್ಮಾನಿಸುತ್ತದೆ. 25 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ದರೆ ನೂರಕ್ಕೆ ಒಂದು ಪಾಲೂ ಇಲ್ಲ, 8 ಇದ್ದರೆ ಸುಮಾರು 5, 9 ಆದರೆ ಸುಮಾರು 36. ಪಾಚಿ ಬೆಳೆದ ಗದ್ದೆಯಲ್ಲಿ ಮಧ್ಯಾಹ್ನ ಪಿಎಚ್ 9ರ ಹತ್ತಿರ ಹೋಗುವುದು ಅಪರೂಪವೇನಲ್ಲ. ಅಂದರೆ ಆಮ್ಲಜನಕಕ್ಕೆ ನಸುಕು ಕೆಟ್ಟ ಹೊತ್ತು, ಅಮೋನಿಯಾಕ್ಕೆ ಮಧ್ಯಾಹ್ನ. ಎರಡೂ ಹೊತ್ತು ಅಳೆಯಬೇಕು. ಪಟ್ಟಿಯ 1.2 ಮಿಲಿಗ್ರಾಂ ಮಿತಿ ಮರಿಗಳಿಗೆ ತುಂಬಾ ಸಡಿಲ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕಿಂತ ಎಷ್ಟೋ ಕಡಿಮೆಯಿದ್ದರೂ ಅವುಗಳ ಕಿವಿರು ಹಾಳಾಗುತ್ತದೆ.

ಹಾಳೆ ಹಿಡಿದುಕೊಂಡು ಹಳ್ಳದ ದಡದ ರೈತರ ಹತ್ತಿರ ಹೋದೆ. ಗೊಬ್ಬರ ಹಾಕಿದ ಮೇಲೆ, ಔಷಧಿ ಹೊಡೆದ ಮೇಲೆ ಒಂದು ವಾರ ಬದು ಒಡೆದು ನೀರು ಬಿಡಬೇಡಿ ಅಂತ ಕೇಳಿಕೊಂಡೆ. ಗೊಬ್ಬರ ಗದ್ದೆಯಲ್ಲೇ ಉಳಿದರೆ ದುಡ್ಡೂ ಉಳಿಯುತ್ತದೆ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಳ್ಳಕ್ಕೆ ಅಂಟಿದ ಗದ್ದೆಯ ಕೆಲವರು ಒಪ್ಪಿದ್ದಾರೆ. ಜೋರು ಮಳೆ ಬಂದರೆ ಬದು ಒಡೆಯಲೇಬೇಕಾಗುತ್ತದೆ ಅಂತಲೂ ಹೇಳಿದ್ದಾರೆ. ಅದಕ್ಕೆ ಹಾಳೆಯಲ್ಲಿ ಆ ಮನೆಯ ಸಾಧ್ಯತೆ 5ರಿಂದ 3ಕ್ಕೆ ಮಾತ್ರ ಇಳಿಸಿದ್ದೇನೆ. ಊರ ಚರಂಡಿಯ ಅಂಕ ಇನ್ನೂ ಇಳಿದಿಲ್ಲ. ಅದಕ್ಕೆ ಬೇಕಾದದ್ದು ಹೊಸ ನೀರಿನ ಮೊದಲ ಗಂಟೆಯ ಮಾದರಿ, ಚರಂಡಿ ಸೇರುವ ಜಾಗದ ಮೇಲೊಂದು, ಕೆಳಗೊಂದು. ಆ ಮಳೆ ರಾತ್ರಿ ಬಂದರೂ ಬಾಟಲಿ ತುಂಬಿಡುವುದಾಗಿ ದಡದಲ್ಲೇ ಮನೆಯಿರುವ ಮೀನುಗಾರರು ಹೇಳಿದ್ದಾರೆ. ಖಾಲಿ ಬಾಟಲಿ, ಐಸ್ ಡಬ್ಬ ಅವರ ಮನೆಯಲ್ಲೇ ಇಟ್ಟು ಬಂದಿದ್ದೇನೆ.