ಮೋಡೆಮ್‌ನಲ್ಲಿ ಡೂಮ್: ಆಟದ ತಡವರಿಕೆ ಹೋಗಿದ್ದು ಹೀಗೆ

ಹಳೇ ಮಾತು. ನಾನು ಹುಬ್ಬಳ್ಳಿ ವಿದ್ಯಾನಗರದಲ್ಲಿ, ಗೆಳೆಯ ಧಾರವಾಡದ ಸಪ್ತಾಪುರದಲ್ಲಿ. ಫೋನ್ ಲೈನಿನಲ್ಲಿ ಡೂಮ್ ಅನ್ನೋ ಗುಂಡು ಹಾರಿಸುವ ಕಂಪ್ಯೂಟರ್ ಆಟ ಆಡುವ ಹುಚ್ಚು. ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ಕಿರ್ರ್ ಅಂತ ಕೂಗಿ ಕನೆಕ್ಟ್ ಆಗುತ್ತಿತ್ತು, ಆದರೆ ಆಟ ಎಡವುತ್ತಾ ಸಾಗುತ್ತಿತ್ತು. ಡೂಮ್‌ನಲ್ಲಿ ಎರಡೂ ಕಂಪ್ಯೂಟರ್ ಒಂದಕ್ಕೊಂದು ಕಾಯುತ್ತವೆ. ಒಂದು ಕಡೆ ತಡವಾದರೆ ಇಬ್ಬರದೂ ನಿಂತಂತೆ.

ನಾವು ಸುಮ್ನೆ ಸ್ಪೀಡ್ ಏರಿಸುತ್ತಾ ಹೋದೆವು. ನಿಜವಾದ ತೊಂದರೆ ಮೋಡೆಮ್ ತಪ್ಪು ತಿದ್ದುವ ಎರರ್ ಕರೆಕ್ಷನ್, ಡೇಟಾ ಕುಗ್ಗಿಸುವ ಕಂಪ್ರೆಷನ್‌ನದು. ಫೈಲ್ ಕಳಿಸೋಕೆ ಒಳ್ಳೆಯವೇ, ಆಟಕ್ಕೆ ಮಾತ್ರ ಶನಿ. ಡೇಟಾ ಕೂಡಿಟ್ಟು ಕಳಿಸುತ್ತವೆ, ಅದಕ್ಕೇ ತಡ. ಇಬ್ಬರೂ ಮೋಡೆಮ್ ಕಮಾಂಡ್‌ನಲ್ಲಿ ಅವನ್ನು ಆಫ್ ಮಾಡಿ, ಸ್ಪೀಡ್ ಸೆಕೆಂಡಿಗೆ 9600 ಬಿಟ್‌ಗೆ ಇಳಿಸಿದೆವು. ಕೀ ಒತ್ತಿದ ಕೂಡಲೇ ಗುಂಡು ಹಾರಿತು!

ಉಳಿದ ಕಾಟ ಅದೇ ಲೈನಿಗೆ ಜೋಡಿಸಿದ್ದ ಪಡಸಾಲೆಯ ಪ್ಯಾರಲಲ್ ಫೋನ್. ಅವ್ವ ರಿಸೀವರ್ ಎತ್ತಿದರೆ ಲೈನ್ ಕಟ್. ಆಟ ಮುಗಿಯೋವರೆಗೂ ಅದರ ವಯರ್ ಕಿತ್ತಿಡುತ್ತಿದ್ದೆ.